ಅಜ್ಜಿಯ ಹಸಿರು ಶಾಲು

ಹುಡುಗನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದ ಹೊತ್ತೆಲ್ಲ ಅವನು ಇಡೀ ಶಾಲೆಗೆ ಅಟ್ಲಾಸ್. ಸುಮ್ಮನೆ ಬಂದ ಹೆಸರಲ್ಲ ಅದು. ಅವನ ಅಪ್ಪ ದೂರದೂರುಗಳಿಗೆ ಲಾರಿ ಓಡಿಸುವವನು. ಇವತ್ತು ಇಂಥ ಕಡೆ ಊಟಕ್ಕೆ ನಿಲ್ಲಿಸಿದ್ದೀನಿ ಅಂತ ಅಪ್ಪ ಫೋನ್ ಮಾಡಿದರೆ ಸಾಕು, ಹುಡುಗ ಇತ್ತ ನಕ್ಷೆಯ ಮೇಲೆ ಬೆರಳಿಟ್ಟು, "ಹಾಗಾದ್ರೆ ಮುಂದೆ ನಿನಗೆ ಘಾಟಿ ಸಿಗುತ್ತೆ ಅಪ್ಪ, ಬ್ರೇಕ್ ಒಂದ್ಸಲ ನೋಡ್ಕೋ," ಅನ್ನುತ್ತಿದ್ದ. ಮನೆಬಾಗಿಲು ದಾಟಿ ನಾಲ್ಕು ಬೀದಿ ನೋಡದ ಹುಡುಗ ಘಾಟಿಯ ತಿರುವುಗಳನ್ನು ಹೇಳುವುದನ್ನು ಕೇಳಿ ಅಪ್ಪ ಕ್ಲೀನರನ ಮುಂದೆ ಎದೆಯುಬ್ಬಿಸುತ್ತಿದ್ದನಂತೆ.

ಅಂಥವನಿಗೆ ಒಂದು ಕೊರತೆಯಿತ್ತು. ಹಸಿರು ಯಾವುದು, ಕಂದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ನಗಬೇಡಿ. ಕಣ್ಣು ಮಂಜೂ ಅಲ್ಲ, ಬುದ್ಧಿ ಮಂದವೂ ಅಲ್ಲ. ನೀಲಿ ನೀಲಿಯಾಗಿಯೇ ಕಾಣುತ್ತಿತ್ತು, ಹಳದಿ ಹಳದಿಯಾಗಿಯೇ. ಹಸಿರು, ಕಂದು ಮಾತ್ರ ಅವನ ಕಣ್ಣಿಗೆ ಅವಳಿ ಜವಳಿ. ಯಾರು ಅಣ್ಣ ಯಾರು ತಮ್ಮ ಅಂತ ಹೇಳಲಾಗದಷ್ಟು ಒಂದೇ ಥರ. ಚಿಕ್ಕ ತರಗತಿಯಲ್ಲಿ ಒಮ್ಮೆ ಮರದ ಚಿತ್ರ ಬರೆದು ಎಲೆಗೆಲ್ಲ ಕಂದು ಬಳಿದು, ಕಾಂಡಕ್ಕೆ ಹಸಿರು ಮೆತ್ತಿದ್ದ. "ಮರಾನ ತಲೆಕೆಳಗೆ ನೆಟ್ಟಿದ್ದೀಯೇನೋ?" ಅಂತ ಯಾರೋ ಕೂಗಿ, ಇಡೀ ತರಗತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತ್ತು. ಅವತ್ತೇ ಹುಡುಗ ಬುದ್ಧಿವಂತನಾದ. ಬಣ್ಣದ ಪೆನ್ಸಿಲ್ಲುಗಳ ಹಿಂತುದಿಯಲ್ಲಿ ಸಣ್ಣ ಚಿನ್ನದ ಅಕ್ಷರಗಳಲ್ಲಿ ಬಣ್ಣದ ಹೆಸರು ಅಚ್ಚಾಗಿರುತ್ತದಲ್ಲ, ಅದನ್ನು ಓದಿಕೊಂಡು ಬಣ್ಣ ಹಚ್ಚುವುದನ್ನು ಕಲಿತ. ಆಮೇಲೆ ಅವನ ಎಲೆಗಳಿಗೆ ಕಾಯಿಲೆ ಬರಲಿಲ್ಲ. ಅಮ್ಮನಿಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಪಕ್ಕದಲ್ಲೇ ಕೂರುವ ಗೆಳತಿ ಬಡಬಡಿಗಂತೂ ಹೇಳುವ ಮಾತೇ ಇಲ್ಲ. ಅವಳ ಬಾಯಿಗೆ ಬಾಗಿಲೂ ಇರಲಿಲ್ಲ, ಅಗುಳಿಯೂ ಇರಲಿಲ್ಲ.

ಶಾಲೆಯ ಕೊನೆಯ ಎರಡು ವರ್ಷಕ್ಕೆ ವಿಷಯ ಆರಿಸಿಕೊಳ್ಳುವಾಗ ಅವನು ಹಿಂದೆಮುಂದೆ ನೋಡದೆ ಭೂಗೋಳ ತೆಗೆದುಕೊಂಡ. ಪಾಠ ಮಾಡುವವರು ಭೂಗೋಳದ ಮೇಡಂ. ಉದ್ದನೆಯ ಹೆಂಗಸು, ಮೂಗಿನ ತುದಿಯಲ್ಲೇ ಕೋಪ, ಕಂಕುಳಲ್ಲಿ ಯಾವಾಗಲೂ ಸುರುಳಿ ಸುತ್ತಿದ ನಕ್ಷೆ. "ಭೂಮಿ ದುಂಡಗಿದೆ ಅಂತ ನಿಮ್ಮ ಅಂಕಗಳೂ ದುಂಡಗೆ ಬರಬೇಕಾಗಿಲ್ಲ," ಅಂತ ಸೊನ್ನೆ ತೆಗೆದವರನ್ನು ಬೈಯುತ್ತಿದ್ದರು. ಆದರೆ ಪಾಠಕ್ಕೆ ನಿಂತರೆ ಆ ಮಾಸಿದ ಗೋಡೆಯೊಳಗಿಂದ ನದಿ ಹರಿದು ಬರುತ್ತಿತ್ತು. ಬೆಟ್ಟದ ಒಂದೇ ಎತ್ತರದ ಜಾಗಗಳನ್ನೆಲ್ಲ ಒಂದು ಗೆರೆಯಲ್ಲಿ ಪೋಣಿಸಿದರೆ ಅದು ಸಮೋನ್ನತ ರೇಖೆ, ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಣ್ಣ ಇಳಿಜಾರು. ಇಷ್ಟು ಹೇಳಿಕೊಟ್ಟ ದಿನ ಅಟ್ಲಾಸ್ ಮನೆಗೆ ಹೋಗಿ ಅಜ್ಜಿಯ ದಿಂಬಿಗೂ ಸಮೋನ್ನತ ರೇಖೆ ಎಳೆದು ಬೈಸಿಕೊಂಡಿದ್ದ.

ಅದೇ ಮೇಡಂ ಒಂದು ದಿನ, ಹಿಂದಿನ ಬೆಂಚಿನ ಸೋಮಾರಿಯೊಬ್ಬನ ನಕ್ಷೆಯನ್ನು ಎತ್ತಿ ಹಿಡಿದು ಹೇಳಿದ್ದರು: "ಬಯಲಿಗೆ ಹಸಿರು, ಬೆಟ್ಟಕ್ಕೆ ಕಂದು. ಎಷ್ಟು ಸಲ ಹೇಳೋದು? ಹಸಿರಿಗೂ ಕಂದಿಗೂ ವ್ಯತ್ಯಾಸ ಗೊತ್ತಿಲ್ಲದವರು ಭೂಗೋಳ ತಗೋಳೋಕೇ ಹೋಗ್ಬಾರ್ದು."

ಬೈಸಿಕೊಂಡ ಸೋಮಾರಿ ಹಲ್ಲು ಕಿರಿದು ಕೂತ. ಮಾತು ನಾಟಿದ್ದು ಮುಂದಿನ ಬೆಂಚಿನಲ್ಲಿದ್ದ ಅಟ್ಲಾಸನ ಎದೆಯಲ್ಲಿ. ಮೇಡಂಗೆ ಗೊತ್ತಾದರೆ ಮುಗಿಯಿತು, ನನ್ನನ್ನು ಈ ಬೆಂಚಿನಿಂದ ಎಬ್ಬಿಸುತ್ತಾರೆ ಅಂತ ಅವನಿಗೆ ಅವತ್ತೇ ಖಾತ್ರಿಯಾಯಿತು. ಅದಕ್ಕೆ ಸರಿಯಾಗಿ ಇನ್ನೊಂದು ನಿಯಮವೂ ಇತ್ತು. ಮೊದಲ ವರ್ಷದ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಕೊಟ್ಟ ಗೆರೆಗಳಿಗೆ ಬಣ್ಣ ತುಂಬಿ ನಕ್ಷೆ ಮಾಡಬೇಕು, ಹೊರಗಿನಿಂದ ಬಂದ ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅದರಲ್ಲಿ ನಪಾಸಾದವರು ಎರಡನೆಯ ವರ್ಷ ಭೂಗೋಳ ಬಿಟ್ಟು ಬೇರೆ ವಿಷಯ ಹಿಡಿಯಬೇಕು. ಹುಡುಗನಿಗೆ ಬೇರೆ ವಿಷಯ ಬೇಕಿರಲಿಲ್ಲ. ಅಪ್ಪ ಬರೀ ರಸ್ತೆಯಾಗಿ ನೋಡಿದ ಲೋಕವನ್ನು ಅವನು ಗೆರೆಯಲ್ಲಿ ಹಿಡಿಯಬೇಕಿತ್ತು, ಅಷ್ಟೇ.

ಅವರ ಮನೆಯೆಂದರೆ ಮುಂದೆ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆ. ಅಂಗಡಿ ಮೊದಲು ಅಜ್ಜನದು, ಅಮ್ಮನ ಅಪ್ಪನದು. ಅವನು ತೀರಿಕೊಂಡ ಮೇಲೆ ಮಿಷನ್ ತುಳಿಯುವವಳು ಅಮ್ಮ. ಅಜ್ಜಿಯದು ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಮತ್ತು ಅಮ್ಮನ ಕತ್ತರಿಯ ಬಗ್ಗೆ ಟೀಕೆ ಮಾಡುವುದು. ಗೋಡೆಗೆ ಅಜ್ಜನ ಕಾಲದ ದಾರದ ರೀಲುಗಳ ಹಲಗೆ. ಮರದ ರೀಲುಗಳು ಅವು. ಒಂದೊಂದರ ಅಂಚಿಗೂ ಚಾಕುವಿನ ಸಣ್ಣ ಸಣ್ಣ ಕಚ್ಚುಗಳು, ಕೆಲವಕ್ಕೆ ಒಂದು, ಕೆಲವಕ್ಕೆ ಎರಡು ಮೂರು. ಇಲಿ ಕಡಿದದ್ದು ಅಂತ ಹುಡುಗ ತಿಳಿದಿದ್ದ. ಇಲಿಗೆ ಲೆಕ್ಕ ಬರುತ್ತದೆಯೇ ಅಂತ ಅವನು ಕೇಳಿಕೊಳ್ಳಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಆಸ್ತಿಯಿತ್ತು, ಅಜ್ಜಿಯ ಹಸಿರು ಶಾಲು. ಮದುವೆಯಾದ ಹೊಸದರಲ್ಲಿ ಅಜ್ಜ ಪೇಟೆಗೆ ಹೋಗಿ ತಾನೇ ಆರಿಸಿ ತಂದದ್ದು. ಅಂಚು ಹರಿದು, ನಡುವೆ ತೇಪೆ ಬಿದ್ದರೂ ಅಜ್ಜಿಯ ಹೆಗಲಿನಿಂದ ಇಳಿದದ್ದಿಲ್ಲ. "ಹಸಿರು ಶಾಲು ಎಲ್ಲಿಟ್ಟೆ?", "ಹಸಿರು ಶಾಲು ಒಣಗಿತಾ?" ಅಂತ ದಿನಕ್ಕೆ ಹತ್ತು ಸಲವಾದರೂ ಆ ಮನೆಯಲ್ಲಿ ಅದರ ಹೆಸರು ಬರುತ್ತಿತ್ತು. ಶಾಲೆ ಸೇರಿದ ಹೊಸದರಲ್ಲಿ, ನಿಮ್ಮ ಮನೆಯಲ್ಲಿ ಹಸಿರಾಗಿರುವ ಒಂದು ವಸ್ತು ಹೇಳಿ ಅಂದಾಗ ಹುಡುಗ ಎದ್ದು ನಿಂತು, "ನಮ್ಮಜ್ಜಿ ಶಾಲು," ಅಂತ ಗಟ್ಟಿಯಾಗಿ ಹೇಳಿ ಭೇಷ್ ಅನ್ನಿಸಿಕೊಂಡಿದ್ದ. ಜಗತ್ತಿನಲ್ಲಿ ಅವನಿಗೆ ಅನುಮಾನವಿಲ್ಲದ ಹಸಿರು ಅದೊಂದೇ.

ಪರೀಕ್ಷೆಯ ಹಿಂದಿನ ಸಂಜೆ ಅವನು ಬಡಬಡಿಯ ಮನೆಗೆ ಓದಿಕೊಳ್ಳಲು ಹೋದ. ಅಜ್ಜಿ ಅವನ ಪೆನ್ಸಿಲ್ ಡಬ್ಬ ತೆಗೆದು ನೋಡಿದಳು. ರಟ್ಟಿನ ಡಬ್ಬ, ಮೂಲೆಗಳೆಲ್ಲ ಕಿತ್ತುಹೋಗಿ ತಳ ಬಾಯಿಬಿಟ್ಟಿತ್ತು. ಪೆನ್ಸಿಲ್ಲುಗಳೋ, ಒಂದು ಉದ್ದ ಒಂದು ಮೊಂಡು, ಒಂದಕ್ಕೂ ಸರಿಯಾದ ಮೊನೆಯಿಲ್ಲ.

"ಅಯ್ಯೋ ನನ್ನ ಕಂದಾ, ಇದನ್ನ ಹಿಡ್ಕೊಂಡು ಪರೀಕ್ಷೆಗೆ ಹೋಗ್ತಾನಾ?" ಅಂದವಳೇ ಚಾಕು ಹಿಡಿದು ಕೂತಳು.

ದರ್ಜಿಯ ಹೆಂಡತಿ ಅವಳು. ಬಟ್ಟೆಗೆ ಗುರುತು ಹಾಕುವ ಅಜ್ಜನ ಪೆನ್ಸಿಲ್ಲಿಗೆ ಯಾವಾಗಲೂ ಎರಡೂ ಕಡೆ ಮೊನೆ. ಒಂದು ಮುರಿದರೆ ಕೈ ನಿಲ್ಲಬಾರದು, ತಿರುಗಿಸಿಕೊಂಡರಾಯಿತು. ಅಜ್ಜನಿಗೆ ಮಾಡಿದ್ದನ್ನೇ ಅವಳು ಮೊಮ್ಮಗನಿಗೂ ಮಾಡಿದಳು. ಡಬ್ಬದಲ್ಲಿದ್ದ ಅಷ್ಟೂ ಪೆನ್ಸಿಲ್ಲುಗಳಿಗೆ ಹಿಂದೆ ಮುಂದೆ ಎರಡೂ ಕಡೆ ಸೂಜಿಯಂಥ ಮೊನೆ, ಅದರ ಮೇಲೆ ಅಚ್ಚುಕಟ್ಟು ಬೇರೆ, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿಟ್ಟಳು. ಚಿನ್ನದ ಅಕ್ಷರಗಳು ಸಿಪ್ಪೆಯ ಜೊತೆ ಸುರುಳಿ ಸುರುಳಿಯಾಗಿ ಕಸದ ಮೊರಕ್ಕೆ ಬಿದ್ದವು. ಅಷ್ಟಕ್ಕೇ ಸಮಾಧಾನವಾಗಲಿಲ್ಲ ಮುದುಕಿಗೆ. ಹಾಳು ರಟ್ಟಿನ ಡಬ್ಬ ಯಾಕೆ ಅಂತ, ಹಸಿರು ಶಾಲಿನ ಹರಿದ ಮೂಲೆಯನ್ನು ಕತ್ತರಿಸಿ ಪೆನ್ಸಿಲ್ ಸಂಚಿಯೊಂದನ್ನು ಹೊಲಿದಳು. ಯಾರಿಗೂ ಮುಟ್ಟಲು ಬಿಡದ ಶಾಲು ಅದು.

ಬೆಳಿಗ್ಗೆ ಹುಡುಗ ಹೊರಡುವ ಗಡಿಬಿಡಿಯಲ್ಲಿ ಸಂಚಿಯನ್ನು ಅವನ ಚೀಲಕ್ಕೆ ತುರುಕಿದಳು.

"ನಿಮ್ಮಜ್ಜ ತಂದ ಶಾಲಿಂದು. ಅವರೂ ಜೊತೆಗಿದ್ದ ಹಾಗಾಗುತ್ತೆ. ಪೆನ್ಸಿಲ್ ಎಲ್ಲ ಎರಡೂ ಕಡೆ ಚೂಪು ಮಾಡಿದ್ದೀನಿ, ಮುರಿದ್ರೆ ಗಾಬರಿ ಆಗ್ಬೇಡ, ತಿರುಗಿಸ್ಕೋ."

"ಆಯ್ತು ಅಜ್ಜಿ," ಅಂದ ಹುಡುಗ. ಎರಡೂ ಕಡೆ ಅಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಸ್ಸು ಬರುವ ಹೊತ್ತಾಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಒಂದೊಂದು ಮೇಜಿಗೆ ಒಬ್ಬೊಬ್ಬರು. ಮುಂದೆ ಭೂಗೋಳದ ಮೇಡಂ, ಅವರ ಪಕ್ಕ ಹೊರಗಿನ ಪರೀಕ್ಷಕರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪನೆಯ ಹೊಟ್ಟೆ, ಮೇಜಿನಿಂದ ಒಂದು ಮೊಳ ದೂರದಲ್ಲೇ ಕೂರಬೇಕಾದಂಥದ್ದು. ಕೊಟ್ಟ ಹಾಳೆಯಲ್ಲಿ ಎಲ್ಲೂ ಇಲ್ಲದ ಒಂದು ದ್ವೀಪ, ಅದರ ತುಂಬ ಸಮೋನ್ನತ ರೇಖೆಗಳು. ತಗ್ಗಿಗೆ, ನಡುವಿಗೆ, ಎತ್ತರಕ್ಕೆ, ನೀರಿಗೆ ಸರಿಯಾದ ಬಣ್ಣ ತುಂಬಿ, ಯಾವ ಬಣ್ಣ ಎಷ್ಟು ಎತ್ತರ ಅಂತ ತಿಳಿಸುವ ಸೂಚಿಯನ್ನು ಮೂಲೆಯ ಚೌಕದಲ್ಲಿ ಬರೆಯಬೇಕು.

ಗೆರೆಗಳನ್ನು ನೋಡಿದ್ದೇ ಹುಡುಗನಿಗೆ ಖುಷಿಯಾಯಿತು. ಇಲ್ಲಿ ಬೆಟ್ಟ, ಇಲ್ಲಿ ಕಣಿವೆ, ಇಲ್ಲಿ ತೊರೆ ಸಮುದ್ರ ಸೇರುತ್ತದೆ ಅಂತ ದ್ವೀಪ ಅವನ ಕಣ್ಣಮುಂದೆ ಎದ್ದು ಕೂತಿತು. ಸಂಚಿ ಬಿಚ್ಚಿದ.

ಒಂದು ಪೆನ್ಸಿಲ್ ತೆಗೆದ, ತಿರುಗಿಸಿದ, ಮೊನೆ. ಇನ್ನೊಂದು ತೆಗೆದ, ಅದಕ್ಕೂ ಮೊನೆ. ಎಲ್ಲವನ್ನೂ ಮೇಜಿನ ಮೇಲೆ ಸುರಿದ. ಎಲ್ಲದಕ್ಕೂ ಎರಡೆರಡು ಮೊನೆ, ಎಲ್ಲವೂ ಒಂದೇ ಉದ್ದ, ಒಂದರ ಮೇಲೂ ಒಂದಕ್ಷರವಿಲ್ಲ.

ಅಜ್ಜಿಯ ಮೇಲೆ ಸಿಟ್ಟು ಬರಬೇಕಿತ್ತು. ಆ ಮೊನೆಗಳನ್ನು ನೋಡಿದರೆ ಅಳು ಬಂತು. ನೀಲಿ, ಹಳದಿ ಸಿಕ್ಕವು. ಉಳಿದ ರಾಶಿಯಿಂದ ಎರಡು ಪೆನ್ಸಿಲ್ಲುಗಳನ್ನು ಬೇರೆ ಮಾಡಿದ. ಇವೆರಡರಲ್ಲಿ ಒಂದು ಹಸಿರು, ಒಂದು ಕಂದು. ಯಾವುದು ಯಾವುದು? ಕಿಟಕಿಯಾಚೆ ಮರವಿದ್ದಿದ್ದರೆ ಎಲೆಗೆ ಹಿಡಿದು ನೋಡಬಹುದಿತ್ತು. ಆ ಕಿಟಕಿಯಾಚೆ ಇದ್ದದ್ದು ಬರೀ ಗೋಡೆ. ಪಕ್ಕದ ಸಾಲಿನಲ್ಲಿ ಬಡಬಡಿ ನಾಲಿಗೆ ಕಚ್ಚಿಕೊಂಡು ಬಣ್ಣ ತುಂಬುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ಮಾತಾಡಲಿ ಅಂತ ಇವನು ಹಾರೈಸಿದ, ಅವಳು ಪಿಟ್ಟೆನ್ನಲಿಲ್ಲ. ಎದ್ದು ಹೋಗಿ ಮೇಡಂನ ಕೇಳಿದರೆ? ಹಸಿರು ಯಾವುದು ಮೇಡಂ ಅಂತ ಕೇಳಿದ ಕ್ಷಣವೇ ಅವನ ಭೂಗೋಳ ಅಲ್ಲಿಗೆ ಮುಗಿಯಿತು.

ಆಗ ಕೈಯಲ್ಲಿದ್ದ ಸಂಚಿ ನೆನಪಾಯಿತು. ಹಸಿರು ಶಾಲು!

ಹುಚ್ಚನೇ, ಹಸಿರು ನಿನ್ನ ಕೈಯಲ್ಲೇ ಇದೆಯಲ್ಲೋ ಅಂದುಕೊಂಡ. ಚೂರು ಕಾಗದದ ಮೇಲೆ ಎರಡೂ ಪೆನ್ಸಿಲ್ಲುಗಳಿಂದ ಗೀಚಿ, ಸಂಚಿಯ ಬಟ್ಟೆಯನ್ನು ಒಂದರ ಪಕ್ಕ ಇಟ್ಟು, ಇನ್ನೊಂದರ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ, ದೊಡ್ಡದು ಮಾಡಿ ನೋಡಿದ. ಒಂದು ಗೀಚು ಬಟ್ಟೆಗೆ ಒಂದಿಷ್ಟು ಹತ್ತಿರ ಅನ್ನಿಸಿತು. ಇನ್ನೊಂದು ಸಲ ನೋಡಿದ. ಹೌದು, ಇದೇ. ಅಜ್ಜ ಜೊತೆಗಿದ್ದಾನೆ ಅಂದದ್ದು ಸುಳ್ಳಲ್ಲ! ಅವನ ಜೀವ ವಾಪಸು ಬಂತು. ಆ ಪೆನ್ಸಿಲ್ಲಿನಿಂದ ದ್ವೀಪದ ಬಯಲನ್ನೆಲ್ಲ ತುಂಬಿದ, ಇನ್ನೊಂದರಿಂದ ಬೆಟ್ಟವನ್ನೆಲ್ಲ ತುಂಬಿದ. ಸೂಚಿಯ ಚೌಕದಲ್ಲಿ ಅವೇ ಬಣ್ಣಗಳನ್ನು ಅದೇ ಕ್ರಮದಲ್ಲಿ ಹಚ್ಚಿ, ಪಕ್ಕದಲ್ಲಿ ಎತ್ತರವನ್ನು ಅಂಕಿಯಲ್ಲಿ ಬರೆದ. ಮುತ್ತಿನಂಥ ಅಕ್ಷರ.

ಮಧ್ಯಾಹ್ನ ಒಬ್ಬೊಬ್ಬರನ್ನಾಗಿ ಕರೆದರು. ಅಟ್ಲಾಸ್ ಹೋಗಿ ನಿಂತಾಗ ಅವನ ನಕ್ಷೆ ಪರೀಕ್ಷಕರ ಮುಂದಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಮೂಗಿಗೆ ಇಳಿಸಿದರು.

"ಏನಪ್ಪ ಇದು? ಬೆಟ್ಟ ಎಲ್ಲ ಹಸಿರು, ಬಯಲೆಲ್ಲ ಕಂದು. ದ್ವೀಪಾನ ಮಗುಚಿ ಹಾಕಿದ್ದೀಯಲ್ಲ!"

ಹುಡುಗನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಆದರೆ ಹೇಗೆ? ಶಾಲು ಹಸಿರಲ್ಲವೇ? ಮೇಡಂ ನಕ್ಷೆಯತ್ತ ಬಗ್ಗಿ ನೋಡಿ, "ನೀನಾ?" ಅಂದರು. ಅಷ್ಟೇ ಅಂದದ್ದು. ಅದರಲ್ಲಿ ಬೈಗುಳ ಇರಲಿಲ್ಲ, ಆಶ್ಚರ್ಯವಿತ್ತು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಸುಳ್ಳು ಹೇಳಬಹುದಿತ್ತು. ಬೆಟ್ಟದ ತುಂಬ ಕಾಡಿದೆ ಸರ್, ಬಯಲಿನಲ್ಲಿ ಬೆಳೆ ಒಣಗಿದೆ ಸರ್ ಅಂತ ಬಡಬಡಿಯಾಗಿದ್ದರೆ ಒಂದು ಕಥೆಯನ್ನೇ ಕಟ್ಟುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಇಷ್ಟು ವರ್ಷ ಪೆನ್ಸಿಲ್ಲಿನ ಬುಡ ಓದಿ ಓದಿ ಹುಡುಗನಿಗೆ ಸಾಕಾಗಿಹೋಗಿತ್ತು.

"ನನಗೆ ಎರಡೂ ಒಂದೇ ಥರ ಕಾಣುತ್ತೆ ಸರ್," ಅಂದ. "ಮೊದಲಿಂದಾನೂ. ಪೆನ್ಸಿಲ್ ಮೇಲಿನ ಹೆಸರು ಓದಿ ಬಣ್ಣ ಹಾಕ್ತಿದ್ದೆ. ಇವತ್ತು ಹೆಸರು ಇರಲಿಲ್ಲ." ಆಮೇಲೆ ಮೇಡಂ ಕಡೆ ತಿರುಗಿ, ನೆಲ ನೋಡುತ್ತ ಹೇಳಿದ: "ಭೂಗೋಳ ಬಿಡಬೇಕಾಗುತ್ತೆ ಅಂತ ಹೆದರಿ ಹೇಳಿರಲಿಲ್ಲ ಮೇಡಂ. ತಪ್ಪಾಯ್ತು."

"ಬಿಡಬೇಕು ಅಂತ ಯಾರೋ ಅಂದಿದ್ದು ನಿನಗೆ?"

"ನೀವೇ ಮೇಡಂ. ಹಸಿರು ಕಂದು ಗೊತ್ತಿಲ್ಲದವರು ತಗೋಬಾರ್ದು ಅಂತ."

ಮೇಡಂ ಕೋಪವೆಲ್ಲ ಎಲ್ಲಿ ಹೋಯಿತೋ, ಮೂಗಿನ ತುದಿ ಕೆಂಪಾಗಿ ಕಣ್ಣು ಒದ್ದೆಯಾಯಿತು. ಯಾವತ್ತೋ ಯಾರಿಗೋ ಎಸೆದ ಮಾತು ಅವರಿಗೆ ನೆನಪೂ ಇರಲಿಲ್ಲ. ಮಾತು ಆಡುವವರು ಮರೆಯುತ್ತಾರೆ, ತಗುಲಿಸಿಕೊಂಡವರು ಮರೆಯುವುದಿಲ್ಲ.

ಪರೀಕ್ಷಕರು ಇದ್ಯಾವುದೂ ಕಿವಿಗೆ ಬೀಳದವರ ಹಾಗೆ ನಕ್ಷೆಯ ಮೇಲೆ ಬೆರಳಿಟ್ಟರು. "ಬಣ್ಣ ಬಿಡು. ಈ ಶಿಖರದ ಮೇಲೆ ನೀನು ನಿಂತಿದ್ದೀಯ. ಕೆಳಗೆ ದಡದಲ್ಲಿ ಈ ದೋಣಿಕಟ್ಟೆ ಇದೆಯಲ್ಲ, ಅದು ನಿನಗೆ ಕಾಣುತ್ತಾ?"

ಹುಡುಗ ನೋಡಿದ. ಅಷ್ಟು ಹೊತ್ತು ತಗ್ಗಿದ್ದ ತಲೆ ಮೇಲೆದ್ದಿತು. "ಕಾಣಲ್ಲ ಸರ್."

"ಯಾಕೆ? ನೇರ ಕೆಳಗೇ ಇದೆಯಲ್ಲ?"

"ಮೇಲೆ ಗೆರೆಗಳು ದೂರ ದೂರ ಇವೆ, ಕೆಳಗೆ ಬರ್ತಾ ಒತ್ತೊತ್ತಾಗಿವೆ. ಅಂದ್ರೆ ಬೆಟ್ಟಕ್ಕೆ ಹೊಟ್ಟೆ ಇದೆ ಸರ್. ಮೇಲಿಂದ ಬಗ್ಗಿ ನೋಡಿದ್ರೆ ಹೊಟ್ಟೆ ಅಡ್ಡ ಬರುತ್ತೆ, ಪಾದ ಕಾಣಲ್ಲ."

ಹೇಳಿದ ಮೇಲೆ ಎಡವಟ್ಟಾಯಿತು ಅನ್ನಿಸಿ ನಾಲಿಗೆ ಕಚ್ಚಿಕೊಂಡ. ಪರೀಕ್ಷಕರು ನಿಧಾನವಾಗಿ ತಲೆ ಬಗ್ಗಿಸಿ ತಮ್ಮ ಪಾದ ಹುಡುಕಿದರು. ಸಿಗಲಿಲ್ಲ. ಅವರು ನಗಲು ಶುರುಮಾಡಿದ ಮೇಲೆ ಮೇಜು ಅಲುಗಾಡಿ ಪೆನ್ನು ಕೆಳಗೆ ಬಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದ ಮೇಡಂಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಪರೀಕ್ಷಕರು ಬಿಡಲಿಲ್ಲ. ಮಳೆ ಬಂದರೆ ನೀರು ಎತ್ತ ಹರಿಯುತ್ತದೆ, ರಸ್ತೆಯನ್ನು ಎಲ್ಲಿಂದ ಹತ್ತಿಸುತ್ತೀಯ, ಮನೆಯನ್ನು ಎಲ್ಲಿ ಕಟ್ಟುತ್ತೀಯ ಅಂತ ಕೇಳುತ್ತಲೇ ಹೋದರು. ಹುಡುಗ ತನ್ನೂರಿನ ಬೀದಿ ಹೇಳಿದ ಹಾಗೆ ಹೇಳುತ್ತ ಹೋದ. ಕೊನೆಗೆ ಅವರು ಮೂಲೆಯ ಸೂಚಿಯನ್ನು ತಟ್ಟಿದರು.

"ನೋಡಪ್ಪ, ರೂಢಿಯ ಬಣ್ಣ ಹಾಕಿಲ್ಲ ಅಂತ ಬಣ್ಣದ ಅಂಕ ಕಳೀತೀನಿ, ಅದು ನಿಯಮ. ಆದ್ರೆ ನಿನ್ನ ಸೂಚಿ ಏನು ಹೇಳುತ್ತೋ ನಿನ್ನ ನಕ್ಷೇನೂ ಅದನ್ನೇ ಹೇಳುತ್ತೆ. ನಿನ್ನ ನಕ್ಷೆ ಹಿಡಿದು ಹೊರಟವನು ದಾರಿ ತಪ್ಪಲ್ಲ. ಅದಕ್ಕಿಂತ ಹೆಚ್ಚು ನಾನೇನು ಕೇಳಲಿ? ನೀನು ಪಾಸು, ಮುಂದಿನ ವರ್ಷಾನೂ ಭೂಗೋಳಕ್ಕೇ ಬಾ."

ಹೊರಗೆ ಬಂದಾಗ ಮೇಡಂ ಹಿಂದೆಯೇ ಬಂದರು. ಕಂಕುಳಿನ ನಕ್ಷೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ನಾನು ಹಾಗೆ ಅನ್ನಬಾರದಿತ್ತು ಕಣೋ," ಅಂದರು. ಹೇಳಿ ಅಭ್ಯಾಸವಿಲ್ಲದ ಮಾತು, ಎಡವಿಕೊಂಡೇ ಬಂತು. "ಇನ್ಮೇಲೆ ಗೊತ್ತಾಗದೇ ಇದ್ರೆ ಕೇಳು. ಹಸಿರು ಯಾವುದು ಅಂತ ಹೇಳೋಕೆ ನನಗೇನೂ ಕಷ್ಟ ಇಲ್ಲ. ಕೇಳದೇ ಇದ್ರೆ ಮಾತ್ರ ಒದೆ ಬೀಳುತ್ತೆ." ಹುಡುಗ ತಲೆಯಾಡಿಸಿದ. ಅಲ್ಲಿಂದ ಬಸ್ಸಿನ ತನಕ ಅವನ ಕಾಲು ನೆಲದ ಮೇಲೆ ಇರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಸಂಚಿ ನೆನಪಾಗಿ, ಪಕ್ಕದಲ್ಲಿದ್ದ ಬಡಬಡಿಗೆ ತೋರಿಸಿದ. "ಇದು ಯಾವ ಬಣ್ಣ?"

"ಕಂದು. ಯಾಕೆ?"

"ಏನಿಲ್ಲ," ಅಂದ.

ಮನೆಗೆ ಬಂದಾಗ ಅಂಗಡಿಯಲ್ಲಿ ಅಮ್ಮ ಮಿಷನ್ ತುಳಿಯುತ್ತಿದ್ದಳು. ಒಳಕೋಣೆಯಲ್ಲಿ ಅಜ್ಜಿ ಶಾಲು ಹೊದ್ದು ಗುಂಡಿ ಹಚ್ಚುತ್ತಿದ್ದಳು. ಹುಡುಗ ಅವಳ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದ. ಎರಡು ಮೊನೆಯ ವಿಷಯಕ್ಕೆ ಬಂದಾಗ ಅಜ್ಜಿಯ ಸೂಜಿ ನಿಂತಿತು. "ಅಯ್ಯೋ ನನ್ನ ಕೈ ಮುರಿಯಾ!" ಅಂತ ತನ್ನ ಕೈಗೆ ತಾನೇ ಶಾಪ ಹಾಕಿಕೊಂಡಳು. ಎರಡೂ ಬಣ್ಣ ಒಂದೇ ಥರ ಕಾಣುತ್ತದೆ ಅಂದಾಗ ಮಾತ್ರ ಅವಳು ಅಯ್ಯೋ ಅನ್ನಲಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ತುಂಬ ಹೊತ್ತು ನೋಡಿದಳು. ಕಳೆದುಹೋದದ್ದು ಯಾವುದೋ ಅಲ್ಲಿ ಸಿಕ್ಕಿತೇನೋ ಅನ್ನುವಂತೆ.

"ಅಜ್ಜಿ, ನಿನ್ನ ಶಾಲು ಯಾವ ಬಣ್ಣ?"

"ಹಸಿರು," ಅಂದಳು ಅಜ್ಜಿ, ಎಂದಿನ ಹಾಗೆ.

"ನಿಜ ಹೇಳು."

ಅಜ್ಜಿ ಬಾಗಿಲ ಕಡೆ ನೋಡಿದಳು, ಸತ್ತ ಗಂಡ ಎಲ್ಲಿ ಕೇಳಿಸಿಕೊಂಡಾನೋ ಅನ್ನುವ ಹಾಗೆ. ಆಮೇಲೆ ದನಿ ತಗ್ಗಿಸಿ, "ಕಂದು ಕಣೋ," ಅಂದಳು. ಮದುವೆಯಾದಾಗಿನಿಂದ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ನಿಮ್ಮಜ್ಜ ಪೇಟೆಯಿಂದ ಬಂದ್ರು. ಅಷ್ಟು ಆಸೆ ಮುಖದಲ್ಲಿ. ನೋಡೇ, ನಿನಗೆ ಹಸಿರು ಅಂದ್ರೆ ಇಷ್ಟ ಅಂದಿದ್ದೆಯಲ್ಲ, ಹಸಿರು ಶಾಲೇ ತಂದಿದ್ದೀನಿ ಅಂತ ಬಿಚ್ಚಿದ್ರು. ನೋಡ್ತೀನಿ, ಮಣ್ಣಿನ ಬಣ್ಣ! ಮೊದಲು ತಮಾಷೆ ಅಂದ್ಕೊಂಡೆ. ಅವರ ಕಣ್ಣು ನೋಡಿದೆ. ತಮಾಷೆ ಅಲ್ಲ. ಎಷ್ಟು ಚೆನ್ನಾಗಿದೆ ಹಸಿರು ಅಂದೆ. ಆಮೇಲೆ ಅದು ಹಸಿರೇ ಆಗಿಹೋಯ್ತು. ನಿಮ್ಮಮ್ಮ ಚಿಕ್ಕೋಳಿದ್ದಾಗ ಒಂದ್ಸಲ ಬಾಯಿ ಹಾಕಿದಳು, ಗದರಿಸಿ ಕೂರಿಸಿದೆ. ಅವಳಿಗೂ ಹಸಿರು ಶಾಲು ಅನ್ನೋದು ಅದರ ಹೆಸರಾಗಿಹೋಯ್ತು."

"ಬಣ್ಣ ಕಾಣದೆ ದರ್ಜಿ ಕೆಲಸ ಹೇಗೆ ಮಾಡ್ತಿದ್ದ ಅಜ್ಜ?"

ಅಜ್ಜಿ ಅಂಗಡಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಆ ರೀಲುಗಳ ಕಚ್ಚು ಯಾರು ಹಾಕಿದ್ದು ಅಂದ್ಕೊಂಡಿದ್ದೀಯ? ಒಂದು ಕಚ್ಚು ಹಸಿರು, ಎರಡು ಕಚ್ಚು ಕಂದು. ಅವರು ಮಲಗಿ ನಿದ್ದೆ ಮಾಡುವಾಗ ನಾನೇ ಹಾಕಿ, ರೀಲಿನ ಜಾಗ ಗೊತ್ತಾಗ್ಲಿ ಅಂತ ಗುರುತು ಮಾಡಿದ್ದೀನಿ ಅಂದೆ. ಅವರು ಸರಿ ಅಂದ್ರು. ಹೆಬ್ಬೆರಳಲ್ಲಿ ಸವರಿ ಸವರಿ ದಾರ ತಗೋತಿದ್ರು. ಒಂದು ದಿನಾನೂ ಬಾಯಿಬಿಟ್ಟು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನೀನೂ ಅದೇ ಜಾತಿ ಕಳ್ಳ! ಈ ಮನೇಲಿ ನನಗೊಬ್ಬಳಿಗಾದರೂ ಹೇಳಬಾರದಿತ್ತಾ? ನನಗೇನು ಅದು ಹೊಸದಾ?"

ಹುಡುಗ ಅವಳ ತೊಡೆಗೆ ಒರಗಿದ. ಅಜ್ಜಿಯ ಬೆರಳು ಅವನ ಕೂದಲಲ್ಲಿ ಆಡುತ್ತಿತ್ತು, ಇದ್ದಕ್ಕಿದ್ದ ಹಾಗೆ ನಿಂತಿತು.

"ಒಂದು ಮಾತು ಮಾತ್ರ ನನ್ನ ಕೊರೀತಾನೇ ಇರುತ್ತೆ," ಅಂದಳು. "ಕಡೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಶಾಲಿನ ಅಂಚು ಹಿಡ್ಕೊಂಡು ಕೇಳಿದ್ರು, ಇದು ಹಸಿರೇ ಅಲ್ವೇನೇ ಅಂತ. ಹಸಿರೇ ಅಂದೆ. ಸಾಯೋ ಮನುಷ್ಯನಿಗೂ ಸುಳ್ಳು ಹೇಳಿ ಕಳಿಸಿದೆ ನೋಡು. ಅವರಿಗೆ ನಾನು ಮೋಸ ಮಾಡಿದೆನೇನೋ."

ಹುಡುಗ ಎದ್ದು ಕೂತ. ಈ ಪ್ರಶ್ನೆಗೆ ಉತ್ತರ ಹೇಳುವವರು ಆ ಮನೆಯಲ್ಲಿ, ಪ್ರಾಯಶಃ ಇಡೀ ಊರಿನಲ್ಲಿ, ಅವನೊಬ್ಬನೇ.

"ಇಲ್ಲ ಅಜ್ಜಿ. ಅಜ್ಜನಿಗೆ ಗೊತ್ತಿತ್ತು."

"ನಿನಗೇನೋ ಗೊತ್ತು?"

"ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ನಮಗೆ ಎರಡೂ ಒಂದೇ ಥರ ಕಾಣುತ್ತಲ್ಲ, ಯಾವತ್ತೂ ಖಾತ್ರಿ ಇರಲ್ಲ. ಪ್ರತಿಯೊಂದಕ್ಕೂ ಅನುಮಾನ. ಅಂಗಡಿಯಿಂದ ಶಾಲು ತಗೊಂಡು ಮನೆ ತನಕ ಅಜ್ಜ ಅದೇ ಯೋಚನೆಯಲ್ಲೇ ಬಂದಿರ್ತಾನೆ. ನಿನಗೆ ಬಿಚ್ಚಿ ತೋರಿಸೋವಾಗ ಶಾಲು ನೋಡಿರಲ್ಲ ಅವನು, ನಿನ್ನ ಮುಖ ನೋಡಿರ್ತಾನೆ. ನಾನೂ ಹಾಗೇ ನೋಡೋದು, ಬೇರೆಯವರ ಮುಖ. ಅವತ್ತೇ ಗೊತ್ತಾಗಿರುತ್ತೆ ಅವನಿಗೆ."

ಅಜ್ಜಿ ಶಾಲಿನ ತೇಪೆಯನ್ನು ಬೆರಳಲ್ಲಿ ಸವರಿದಳು. ಅಂಗಡಿಯ ಮಿಷನ್ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

"ಗೊತ್ತಿದ್ರೆ ಸಾಯೋವಾಗ ಮತ್ತೆ ಯಾಕೆ ಕೇಳಿದ್ರು?"

"ನೀನು ಇನ್ನೊಂದ್ಸಲ ಹೇಳೋದನ್ನ ಕೇಳೋಕೆ."

ಮುದುಕಿಯ ಮುಖ ಮಗುವಿನ ಮುಖದಂತಾಯಿತು. ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. "ಕಳ್ಳ ಮುದುಕ! ಗೊತ್ತಿದ್ದೂ ಅಷ್ಟು ವರ್ಷ ನನ್ನ ಕೈಲಿ ಹಸಿರು ಹಸಿರು ಅನ್ನಿಸಿದನಲ್ಲೋ!" ಅಂತ ಮೊಮ್ಮಗನ ಬೆನ್ನಿಗೆ ಗುದ್ದಿದಳು. ಗುದ್ದು ಅಜ್ಜನಿಗೆ ಸೇರಬೇಕಾದದ್ದು, ಹುಡುಗ ಅವನ ಪರವಾಗಿ ತಿಂದ.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು ಚಾಕು ತಂದಳು. "ಪೆನ್ಸಿಲ್ ಕೊಡಿಲ್ಲಿ." ಮೊನೆಗೆ ಪೆಟ್ಟಾಗದ ಹಾಗೆ ನಟ್ಟನಡುವೆ ಒಂದಕ್ಕೆ ಒಂದು ಕಚ್ಚು, ಇನ್ನೊಂದಕ್ಕೆ ಎರಡು ಕಚ್ಚು ಹಾಕಿ ಅವನ ಕೈಗಿಟ್ಟಳು. ಹುಡುಗ ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿದ.

"ಹಸಿರು," ಅಂದ. "ಇದು ಕಂದು."

"ಸರಿ," ಅಂದಳು ಅಜ್ಜಿ.

ಅಷ್ಟರಲ್ಲಿ ಅಮ್ಮ ಅಂಗಡಿಯಿಂದ ಬಾಗಿಲಿಗೆ ಬಂದು, ಇಬ್ಬರ ಒದ್ದೆ ಮುಖ ನೋಡಿ ಗಾಬರಿಯಾಗಿ, "ಯಾಕೆ, ಏನಾಯ್ತು? ಪರೀಕ್ಷೆ ಏನಾದ್ರೂ ಕೆಟ್ಟುಹೋಯ್ತಾ?" ಅಂದಳು.

"ಪರೀಕ್ಷೆ ಪಾಸು, ಮುಂದಿನ ವರ್ಷಾನೂ ಭೂಗೋಳಾನೇ," ಅಂದಳು ಅಜ್ಜಿ. "ಬಣ್ಣದ ಅಂಕ ಮಾತ್ರ ಹೋಯ್ತಂತೆ. ಅದು ನಿಮ್ಮಪ್ಪನ ಲೆಕ್ಕಕ್ಕೆ." ಆಮೇಲೆ ಸಂಜೆಯ ಚಳಿಗೆ ಹೆಗಲು ಕುಗ್ಗಿಸಿ, ಮೊಮ್ಮಗನ ಸುತ್ತಲೂ ಶಾಲು ಎಳೆದುಕೊಂಡಳು. "ಇಬ್ಬರಿಗೂ ಒಂದಿಷ್ಟು ಟೀ ಮಾಡೇ. ಈ ಹಸಿರು ಶಾಲು ಹರಿದು ಹರಿದು ಮೊದಲಿನಷ್ಟು ಬೆಚ್ಚಗಿಲ್ಲ."